ಬೆವರದ ಭರಣಿ

ಕುಂಬಾರಿಕೆ ಕಲಿಸುವ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ನೀವು ತಿಗರಿಯ ಮುಂದೆ ಕೂರುವ ಹೊತ್ತು ಬಹಳ ಕಡಿಮೆ. ಮಣ್ಣು ತರಬೇಕು, ನೆನೆಸಬೇಕು, ಸೋಸಬೇಕು, ತುಳಿಯಬೇಕು. ಸೌದೆ ಒಡೆಯಬೇಕು, ಪಾತ್ರೆ ಸುಡುವ ಗೂಡಿನ ಬಿರುಕಿಗೆ ಮಣ್ಣು ಮೆತ್ತಬೇಕು. ಇದೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಪಾತ್ರೆ. ತಿರುಗುವ ತಿಗರಿಯ ಮೇಲೆ ಮಣ್ಣು ಮೇಲೆದ್ದು ನಿಲ್ಲುವುದನ್ನು ನೋಡಿ ಮರುಳಾಗಿ ಬಂದ ಎಷ್ಟೋ ಹುಡುಗಿಯರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊರಟುಹೋದರು. ಉಳಿದವರು ಇವತ್ತಿಗೂ ಅದರಲ್ಲೇ ಅನ್ನ ತಿನ್ನುತ್ತಿದ್ದಾರೆ. ನಾನೂ ಉಳಿದವಳೇ. ಹಾಗಾಗಿ ಇದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಮನ್ನಿಸಿ.

ನನ್ನ ಊರು ವಸ್ತಾರೆ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮ ಮನೆತನದಲ್ಲಿ ಯಾರೂ ಮಣ್ಣಿನ ಕೆಲಸ ಮಾಡಿದವರಲ್ಲ. ಬಯಲುಸೀಮೆಯ ಒಂದು ಸಂಸ್ಥೆಯಲ್ಲಿ ಪಿಂಗಾಣಿ ಮತ್ತು ಸ್ಟೋನ್‌ವೇರ್ ಕಲಿಸುವ ಡಿಪ್ಲೊಮಾ ಇದೆ ಎಂದು ಅಪ್ಪನೇ ಎಲ್ಲಿಯೋ ಓದಿ, ಅರ್ಜಿ ಹಾಕಿಸಿದರು. ಸ್ಟೋನ್‌ವೇರ್ ಎಂದರೆ ಕಲ್ಲಿನಷ್ಟು ಗಟ್ಟಿಯಾಗುವ ತನಕ ಸುಟ್ಟ ಮಣ್ಣಿನ ಪಾತ್ರೆ. ನಿಮ್ಮ ಅಜ್ಜಿಯ ಅಟ್ಟದಲ್ಲಿದ್ದ ಉಪ್ಪಿನಕಾಯಿ ಭರಣಿಯನ್ನು ನೆನಪಿಸಿಕೊಂಡರೆ ಸಾಕು. ಓದು ಮುಗಿಸಿದ ನನ್ನನ್ನು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮೂಡಿಗೆರೆಯ ಹೊರಗಿದ್ದ ಒಂದು ಸರ್ಕಾರಿ ತರಬೇತಿ ಕೇಂದ್ರಕ್ಕೆ ಶಿಕ್ಷಕಿಯಾಗಿ ಹಾಕಿದರು.

ಮೊದಲ ದಿನ ಬಾಗಿಲಲ್ಲಿದ್ದ ಕಾವಲುಗಾರ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹೊಲಿಗೆ ಟೀಚರಾ? ಮಿಷನ್ನು ಇನ್ನೂ ಬಂದಿಲ್ಲ ಮೇಡಂ, ಮುಂದಿನ ವಾರ ಬನ್ನಿ" ಅಂದ.

"ಹೊಲಿಗೆ ಅಲ್ಲ, ಮಡಕೆ" ಅಂದೆ.

"ಮಡಕೆಯಾ! ಅದಕ್ಕೆಂತ ಟೀಚರು?" ಎಂದು ಅವನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ನನಗೂ ನಗು ಬಂತು.

ಒಳಗೆ ಒಂದು ಹೆಂಚಿನ ಶೆಡ್ಡು, ಸಾಲಾಗಿ ತಿಗರಿಗಳು, ಮೋಟು ಚಿಮಣಿಯ ಒಂದು ಗೂಡು. ಹಿಂದೆ ಇದ್ದವರು ಹೂಕುಂಡ, ಗೊಂಬೆ ಮಾಡಿಸಿ ಹೋಗಿದ್ದರು. ನನ್ನ ಆಸೆ ಬೇರೆ ಇತ್ತು. ಜನ ದಿನವೂ ಮುಟ್ಟುವ ಪಾತ್ರೆ ಮಾಡಿಸಬೇಕು: ಭರಣಿ, ಉಪ್ಪಿನ ಮರಿಗೆ, ಮೊಸರಿನ ಕುಡಿಕೆ, ಕಾಫಿ ಲೋಟ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಮೊದಲ ಶತ್ರು ಮಳೆ. ಓದುವಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಬಯಲುಸೀಮೆಯಲ್ಲಿ ಬೆಳಿಗ್ಗೆ ಮಾಡಿದ ಪಾತ್ರೆ ಸಂಜೆಗೆ ಗಟ್ಟಿಯಾಗುತ್ತದೆ. ಇಲ್ಲಿ ಆಷಾಢದಲ್ಲಿ ಮಾಡಿದ ಪಾತ್ರೆಯ ಮೇಲೆ ಪಾಚಿ ಬೆಳೆಯಿತು. ಮಣ್ಣು ಹಸಿಯಿದ್ದ ಹಾಗೇ ಸುಟ್ಟರೆ ಪಟಾಕಿಯಂತೆ ಒಡೆಯುತ್ತದೆ. ಏನು ಮಾಡುವುದೆಂದು ತಿಳಿಯದೆ ಕೂತಿದ್ದಾಗ, ಹತ್ತಿರದ ಎಸ್ಟೇಟಿನ ಏಲಕ್ಕಿ ಗೂಡು ನೆನಪಾಯಿತು. ಏಲಕ್ಕಿ ಒಣಗಿಸಲು ಕಟ್ಟಿದ, ಕೆಳಗೆ ಬೆಂಕಿ ಹಾಕುವ ಆ ಮನೆ ಕೊಯ್ಲು ಶುರುವಾಗುವ ತನಕ ಖಾಲಿ ಇರುತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಹೋಗಿ ಕೇಳಿದೆ. ಅವರು "ಇಟ್ಕೊಳ್ಳಿ ಮೇಡಂ. ಏಲಕ್ಕಿ ಬರೋದ್ರೊಳಗೆ ಖಾಲಿ ಮಾಡ್ಬೇಕು, ಇಲ್ದಿದ್ರೆ ಸಾಹುಕಾರ್ರು ನನ್ನನ್ನೇ ಒಣಗಿಸ್ತಾರೆ" ಅಂದರು. ಆ ವರ್ಷದಿಂದ ನಮ್ಮ ಹಸಿ ಪಾತ್ರೆಗಳೆಲ್ಲ ಮಳೆಗಾಲದಲ್ಲಿ ಏಲಕ್ಕಿ ಪರಿಮಳ ಹೊತ್ತು ಹೊರಗೆ ಬರುತ್ತಿದ್ದವು.

ತರಬೇತಿಗೆ ಬರುತ್ತಿದ್ದವರು ಹೆಚ್ಚಾಗಿ ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಹುಡುಗಿಯರು. ಕಾಫಿ ಕೊಯ್ಲು ಬಂತೆಂದರೆ ಶೆಡ್ಡು ಅರ್ಧ ಖಾಲಿ. ಅವರಲ್ಲಿ ಬೇರೆಯಾಗಿ ಕಂಡವಳು ಗಿರಿಜಾ. ಕಳಸದ ಕಡೆಯ ಕುಂಬಾರರ ಮಗಳು. ಮಣ್ಣು ಅವಳಿಗೆ ಹುಟ್ಟಿನಿಂದಲೇ ಗೊತ್ತು, ಆದರೆ ತಿಗರಿಯನ್ನು ಮಾತ್ರ ಮುಟ್ಟಿರಲಿಲ್ಲ. ಅವರ ಮನೆಯಲ್ಲಿ ಮಣ್ಣು ಹೊರುವುದು, ತುಳಿಯುವುದು, ಮಡಕೆಗೆ ಬಣ್ಣ ಬಳಿಯುವುದು ಹೆಂಗಸರ ಕೆಲಸ, ತಿಗರಿ ಗಂಡಸರದ್ದು. ನಾನು ಕೂರಿಸಿದ ದಿನ ಅವಳು ತಿಗರಿಗೆ ಕೈಮುಗಿದು, ಆಮೇಲೆ ಮುಟ್ಟಿದಳು. ಮೂರನೆಯ ಉಂಡೆ ಮಣ್ಣಿಗೇ ಪಾತ್ರೆಯ ಗೋಡೆ ನೆಟ್ಟಗೆ ಎದ್ದಿತು. ನನಗೆ ಅದು ಬರಲು ಅರ್ಧ ವರ್ಷ ಹಿಡಿದಿತ್ತು.

ಸುದ್ದಿ ತಿಳಿದು ಅವಳ ಅಪ್ಪ ಕಳಸದಿಂದ ಬಸ್ಸು ಹತ್ತಿ ಬಂದರು. ಬಾಗಿಲಲ್ಲೇ ನಿಂತು, "ನಮ್ಮಲ್ಲಿ ಹೆಂಗಸ್ರು ತಿಗರಿ ಮುಟ್ಟಲ್ಲ ಅಮ್ಮಾ. ನೀವು ಓದಿದೋರು, ನಿಮಗೆ ನಡೀತದೆ. ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?" ಅಂದರು.

ತಿಗರಿಯ ಮೇಲೆ ಭರಣಿ ಎತ್ತುತ್ತಿದ್ದ ಗಿರಿಜಾ ಕೂತಲ್ಲಿಂದಲೇ ಅಂದಳು: "ಅಪ್ಪ, ಇದು ಮುಗಿಸಿ ಬರ್ತೆ, ಕೂತ್ಕೊ. ಈಗ ಎದ್ರೆ ಬಾಯಿ ಸೊಟ್ಟ ಆಗ್ತದೆ."

ಅವರು ಕೂತರು. ಮಗಳ ಕೈಯನ್ನೇ ನೋಡುತ್ತ ಕೂತರು. ಭರಣಿಯ ಬಾಯಿ ಮುಗಿಯುವ ಹೊತ್ತಿಗೆ ಅವರ ಕೈಬೆರಳೂ ತಮಗೆ ತಿಳಿಯದೆ ಗಾಳಿಯಲ್ಲಿ ಆಡುತ್ತಿತ್ತು. "ಬುಡ ಸ್ವಲ್ಪ ದಪ್ಪ ಆಯ್ತು" ಎಂದಷ್ಟೇ ಹೇಳಿ, ಮಗಳನ್ನು ಕರೆಯದೆ ಸಂಜೆಯ ಬಸ್ಸಿಗೆ ವಾಪಸು ಹೋದರು.

ಇಷ್ಟೆಲ್ಲ ಆದರೂ ನಮ್ಮ ಭರಣಿಗಳಲ್ಲಿ ಒಂದು ದೊಡ್ಡ ಕೊರತೆ ಇತ್ತು. ಅದು ಬಯಲಿಗೆ ಬಂದಿದ್ದು ಒಂದು ಚಳಿಗಾಲದಲ್ಲಿ. ಜಾವಳಿಯಲ್ಲಿ ಪದ್ದಮ್ಮ ಎಂಬವರಿದ್ದರು. ಮಾವಿನ ಮಿಡಿ ಹಾಕುವುದರಲ್ಲಿ ಅವರದು ಎತ್ತಿದ ಕೈ. ಸುತ್ತಲಿನ ಮದುವೆ ಮನೆಗಳಿಗೆಲ್ಲ ಅವರದೇ ಉಪ್ಪಿನಕಾಯಿ. ನಮ್ಮಿಂದ ಕೊಂಡ ಭರಣಿಯನ್ನು ಅವರು ಸೊಂಟದ ಮೇಲೆ ಹೊತ್ತು ತಂದು ನನ್ನ ಮುಂದೆ ಇಟ್ಟರು. ಹೊರಮೈಗೆಲ್ಲ ಬಿಳಿ ಪುಡಿ.

"ನೋಡಿ ಟೀಚರಮ್ಮ, ನಿಮ್ಮ ಭರಣಿಗೆ ಉಪ್ಪಿನ ಹೂ ಬಿಟ್ಟಿದೆ. ಒಳಗಿನ ಉಪ್ಪುನೀರೆಲ್ಲ ಹೊರಗೆ ಬಂದು ಮಿಡಿ ಬತ್ತಿ ಹೋಯ್ತು. ಚಂದ ಏನೋ ಇದೆ ಮಾರಾಯ್ತಿ, ಚಂದ ಕಟ್ಕೊಂಡು ಎಂತ ಮಾಡೂದು?"

ಅದೇ ತಿಂಗಳು ಚಿಕ್ಕಮಗಳೂರಿನಿಂದ ನಮ್ಮ ಮೇಲಧಿಕಾರಿ ರಂಗನಾಥಯ್ಯನವರು ಕರೆಸಿದರು. ಹಿಂದಿನ ವಾರ ತಪಾಸಣೆಗೆ ಬಂದಾಗ ಒಂದು ಭರಣಿ ಮೆಚ್ಚಿ ಕಚೇರಿಗೆ ಒಯ್ದಿದ್ದರು. ಅದರಲ್ಲಿ ನೀರು ತುಂಬಿ ಮೇಜಿನ ಮೇಲೆ ಇಟ್ಟಿದ್ದರಂತೆ. ನಾನು ಹೋದಾಗ ಅವರ ಕಿಟಕಿಯಲ್ಲಿ ಫೈಲುಗಳು ಬಟ್ಟೆಯಂತೆ ಒಣಗುತ್ತಿದ್ದವು.

"ಇದೇನಮ್ಮ, ನಿಮ್ಮ ಭರಣಿ ಅಳ್ತಾ ಇದೆ?"

"ಬೆವರ್ತಿದೆ ಸರ್."

"ಬೆವರೋ ಕಣ್ಣೀರೋ, ನನ್ನ ಫೈಲಂತೂ ಒದ್ದೆ." ಕನ್ನಡಕ ತೆಗೆದು ಒರೆಸುತ್ತ ಅವರು ಮೆತ್ತಗಿನ ದನಿಯಲ್ಲೇ ಮುಂದುವರಿಸಿದರು. "ನೋಡಿ, ಕೇಂದ್ರ ಮುಚ್ಚೋ ಪ್ರಸ್ತಾಪ ಮೇಲಿನಿಂದ ಬಂದಿದೆ. ಆಶ್‌ಟ್ರೇ ಮಾಡಿಸಿ, ಹುಲಿ ಗೊಂಬೆ ಮಾಡಿಸಿ. ಎಗ್ಸಿಬಿಷನ್ನಿನಲ್ಲಿ ಹೋಗುತ್ತೆ. ಅದಕ್ಕೆ ಯಾರೂ ನೀರು ತುಂಬಿಸಿ ನೋಡಲ್ಲ."

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಗಿರಿಜಾಳ ಕೈಯಲ್ಲಿ ಆಶ್‌ಟ್ರೇ ಮಾಡಿಸುವುದನ್ನು ನೆನೆದು ನನಗೆ ಎಲ್ಲಿಂದಲೋ ಧೈರ್ಯ ಬಂತು. "ಮಳೆಗಾಲ ಮುಗಿಯುವ ತನಕ ಟೈಮ್ ಕೊಡಿ ಸರ್. ಮಿಡಿ ಕಾಲಕ್ಕೆ ಹೊಸ ಭರಣಿ ಸುಡ್ತೀವಿ. ಉಪ್ಪುನೀರು ತುಂಬಿಸಿ ಇಡ್ತೀನಿ. ನೀವೇ ಬಂದು ನೋಡಿ."

"ಸೋರಿದ್ರೆ?"

"ಸೋರಿದ್ರೆ ಆಶ್‌ಟ್ರೇ."

ಅವರು ನಕ್ಕು ಒಪ್ಪಿದರು.

ಕೊರತೆ ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಗೂಡಿನ ಉರಿ ಸಾಲದು. ಒಳಗೆ ಇಡುವ ಕೋನ್, ಅಂದರೆ ಬೇಕಾದಷ್ಟು ಕಾವು ಏರಿದಾಗ ಬಾಗುವ ಕಡ್ಡಿಯಂಥ ಮಣ್ಣಿನ ತುಂಡು, ನಮ್ಮ ಗೂಡಿನಲ್ಲಿ ಯಾವತ್ತೂ ನೆಟ್ಟಗೇ ನಿಂತಿರುತ್ತಿತ್ತು. ಮಲೆನಾಡಿನ ಸೌದೆ ಸದಾ ತೇವ. ಬೆಂಕಿಗಿಂತ ಹೊಗೆಯೇ ಹೆಚ್ಚು. ಉರಿ ಏರಿಸಿದರೂ ನಾವು ಬಳಸುತ್ತಿದ್ದ ಕೆರೆಮಣ್ಣು ಅಷ್ಟು ಕಾವು ತಾಳುವುದಿಲ್ಲ. ಅಂದರೆ ಮಣ್ಣು, ಸೌದೆ, ಗೂಡು ಮೂರನ್ನೂ ಬದಲಾಯಿಸಬೇಕು.

ಸೌದೆಗೆ ದಾರಿ ಸುಲಭವಾಗಿ ಸಿಕ್ಕಿತು. ಏಲಕ್ಕಿ ಗೂಡು ಕೊಟ್ಟ ರೈಟರ ಎಸ್ಟೇಟಿನಲ್ಲಿ ಮುದಿ ಕಾಫಿ ಗಿಡ ಕಿತ್ತು ಹೊಸದು ನೆಡುತ್ತಿದ್ದರು. ಕಾಫಿ ಬೊಡ್ಡೆ ಕಬ್ಬಿಣದ ಹಾಗೆ ಗಟ್ಟಿ. ಕಣದ ಮೂಲೆಯಲ್ಲಿ ಬಿಸಿಲಿಗೆ ಹರಡಿಸಿ ಒಣಗಿಸಿಕೊಂಡೆವು. ಮಣ್ಣು ಹುಡುಕಿಕೊಟ್ಟವಳು ಗಿರಿಜಾ. ಕಳಸದ ದಾರಿಯಲ್ಲಿ ರಸ್ತೆ ಅಗಲ ಮಾಡಲು ಗುಡ್ಡ ಕಡಿದಿದ್ದ ಕಡೆ ಬಿಳಿ ಮಣ್ಣಿನ ಪಟ್ಟೆ ಇದೆ ಎಂದು ಅವಳು ಬಸ್ಸಿನಿಂದ ನೋಡಿಟ್ಟುಕೊಂಡಿದ್ದಳು. ಹೋಗಿ ಅಗೆದು ಚೀಲ ತುಂಬಿ ತಂದೆವು. ಬಸ್ಸಿನ ಕಂಡಕ್ಟರು, "ಗುಡ್ಡ ಪೂರ್ತಿ ತರ್ತೀರಾ, ಇಲ್ಲ ಸ್ವಲ್ಪ ಬಿಟ್ಟು ಬರ್ತೀರಾ?" ಎಂದು ತಮಾಷೆ ಮಾಡಿದ.

ಗೂಡಿನ ಕೆಲಸಕ್ಕೆ ಸಿಕ್ಕವರು ಹಸನಬ್ಬ. ಮೂಡಿಗೆರೆಯ ರಸ್ತೆಬದಿಯ ಗ್ಯಾರೇಜಿನಲ್ಲಿ ಎಸ್ಟೇಟ್ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕು. ಚಿಮಣಿ ಎತ್ತರಿಸಿದರೂ ಗಾಳಿಯ ಎಳೆತ ಸಾಲುತ್ತಿಲ್ಲ ಎಂದಾಗ ಅವರು ಗೂಡನ್ನು ಸುತ್ತು ಹಾಕಿ ನೋಡಿ, "ಇದಕ್ಕೆ ಉಸಿರು ಸಾಲ್ತಾ ಇಲ್ಲ ಟೀಚರೇ. ಊದೂದಕ್ಕೆ ಎಂತದಾದ್ರೂ ಇಡುವ" ಅಂದರು. ಕಮ್ಮಾರರ ಹಳೆಯ ಬ್ಲೋವರೊಂದನ್ನು ತಂದು, ಕಾಫಿಗೆ ನೀರು ಹಾಯಿಸುವ ಡೀಸೆಲ್ ಇಂಜಿನ್ನಿಗೆ ಬೆಲ್ಟ್ ಹಾಕಿ ಕಟ್ಟಿದರು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಗಾಳಿ ಎಷ್ಟು ಜೋರಾಯಿತೆಂದರೆ ಬೆಂಕಿ ಗೂಡಿನ ಒಳಕ್ಕೆ ಹೋಗುವ ಬದಲು ಬಾಯಿಂದ ಹೊರಗೆ ನುಗ್ಗಿತು. ಹಸನಬ್ಬರ ಮೀಸೆ ಒಂದು ಪಕ್ಕ ಸುಟ್ಟುಹೋಯಿತು. ಮರುದಿನ ಅವರು ಇನ್ನೊಂದು ಪಕ್ಕವನ್ನೂ ಬೋಳಿಸಿಕೊಂಡು, ಗಾಳಿ ತಗ್ಗಿಸುವ ಒಂದು ತಗಡಿನ ಬಾಗಿಲು ಮಾಡಿಕೊಂಡು ಬಂದರು.

ಮೆರುಗಿಗೆ, ಎಂದರೆ ಗ್ಲೇಜಿಗೆ, ದೂರದಿಂದ ಪುಡಿ ತರಿಸುವುದನ್ನು ಬಿಟ್ಟೆ. ಕಾಫಿ ಹಣ್ಣಿನ ಒಣ ಹೊಟ್ಟನ್ನು ಸುಟ್ಟು, ಆ ಬೂದಿಯನ್ನು ತೊಳೆದು ಸೋಸಿ, ಬಿಳಿ ಮಣ್ಣು ಮತ್ತು ಕಲ್ಲಿನ ಪುಡಿ ಸೇರಿಸಿದೆ. ನಾನು ಓದಿದ ಕಡೆ ಹುಲ್ಲಿನ ಬೂದಿ, ಮರದ ಬೂದಿ ಹೇಳಿಕೊಟ್ಟಿದ್ದರು. ಕಾಫಿ ಹೊಟ್ಟಿನದು ಏನಾಗುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಮೊದಲ ಸುಡುವಿಕೆ ಅನಾಹುತ. ಉರಿ ಏರಿತು, ಕೋನ್ ಬಾಗಿತು, ನಾವು ಕುಣಿದದ್ದೂ ಆಯಿತು. ಗೂಡು ತಣ್ಣಗಾದ ಮೇಲೆ ಬಾಗಿಲು ತೆಗೆದರೆ ಭರಣಿಗಳು ಕುಡಿದವರ ಹಾಗೆ ಒಂದರ ಮೇಲೊಂದು ಒರಗಿಕೊಂಡಿದ್ದವು. ಬಿಳಿ ಮಣ್ಣಿಗೆ ನಾನು ಬೇಕಾದ್ದಕ್ಕಿಂತ ಹೆಚ್ಚು ಕೆರೆಮಣ್ಣು ಬೆರೆಸಿದ್ದೆ, ಅದು ಕಾವಿಗೆ ಕುಸಿದಿತ್ತು. ಬೂದಿಯ ಮೆರುಗು ನೀರಾಗಿ ಹರಿದು ಎಲ್ಲವನ್ನೂ ಗೂಡಿನೊಳಗಿನ ಸುಟ್ಟಮಣ್ಣಿನ ಹಲಗೆಗೆ ಅಂಟಿಸಿಬಿಟ್ಟಿತ್ತು. ಹುಡುಗಿಯರು ಸುತ್ತಿಗೆ ಹಿಡಿದು ಒಡೆಯುತ್ತ ಅಳುತ್ತಿದ್ದರು. ಆದರೆ ಒಡೆದ ಒಂದು ಚೂರನ್ನು ಬೆಳಕಿಗೆ ಹಿಡಿದಾಗ ನನಗೆ ಅಳು ಬರಲಿಲ್ಲ. ಆ ಬಣ್ಣ! ಜೇನಿನ ಕಂದು, ಅಂಚಿನಲ್ಲಿ ಸಣ್ಣ ಹಸಿರು. ಅಂಗಡಿಯಲ್ಲಿ ಸಿಗುವ ಯಾವ ಭರಣಿಗೂ ಇಲ್ಲದ ಬಣ್ಣ.

ಹೊಸಬರೇ, ಇಲ್ಲಿ ಒಂದು ಮಾತು. ಸುಟ್ಟ ಪಾತ್ರೆಯ ಮೆರುಗಿಲ್ಲದ ಬುಡಕ್ಕೆ ನಾಲಿಗೆ ತಾಗಿಸಿ. ಅಂಟಿಕೊಂಡರೆ ಆ ಮಣ್ಣು ಇನ್ನೂ ನೀರು ಕುಡಿಯುತ್ತದೆ. ಜಾರಿದರೆ ಅದು ಕಲ್ಲಾಗಿದೆ. ಆ ದಿನ ನಾನು ಒಡೆದ ಚೂರುಗಳನ್ನೆಲ್ಲ ನೆಕ್ಕಿದೆ. ಎಲ್ಲವೂ ಜಾರಿದವು. "ಟೀಚರಿಗೆ ತಲೆ ಕೆಟ್ಟಿತು" ಎಂದುಕೊಂಡ ಹುಡುಗಿಯರೂ ನೆಕ್ಕಿ ನೋಡಿ ಕಣ್ಣೊರೆಸಿಕೊಂಡರು. ಹಸನಬ್ಬ ಕೂಡ ಒಂದು ಚೂರು ಬಾಯಿಗಿಟ್ಟು, "ಉಪ್ಪು ಕಮ್ಮಿ" ಅಂದರು.

ಅಷ್ಟರಲ್ಲಿ ಮಾವು ಮಿಡಿ ಬಿಟ್ಟಿತ್ತು. ಇನ್ನೊಂದೇ ಗೂಡು ಸುಡಲು ಸಮಯ. ಕೆರೆಮಣ್ಣು ಕಡಿಮೆ ಮಾಡಿದೆ, ಬೂದಿ ತಗ್ಗಿಸಿದೆ, ಭರಣಿಯ ಬುಡದಿಂದ ಒಂದು ಬೆರಳಗಲ ಮೆರುಗು ಒರೆಸಿಸಿದೆ. ದೊಡ್ಡ ಭರಣಿಗಳನ್ನೆಲ್ಲ ಗಿರಿಜಾ ಎತ್ತಿದಳು. ಹಿಂದಿನ ದಿನವೇ ಸಣ್ಣ ಉರಿ ಹಾಕಿ, ಬೆಳಿಗ್ಗೆ ಕಾಫಿ ಬೊಡ್ಡೆ ತುಂಬಿಸತೊಡಗಿದೆವು. ಕೊಯ್ಲು ಮುಗಿದಿದ್ದರಿಂದ ಹುಡುಗಿಯರೆಲ್ಲ ಇದ್ದರು. ಮಧ್ಯಾಹ್ನದ ಹೊತ್ತಿಗೆ ಚಿಮಣಿಯ ತುದಿಯಲ್ಲಿ ಹೊಗೆ ನಿಂತು ಬರೀ ಬಿಸಿಗಾಳಿ ನಡುಗುತ್ತಿತ್ತು. ಇಣುಕುವ ಕಿಂಡಿಯಲ್ಲಿ ಕಣ್ಣಿಟ್ಟಿದ್ದ ಗಿರಿಜಾ ಕೂಗಿದಳು: "ಬಾಗ್ತಾ ಉಂಟು! ಟೀಚರೇ, ನಮಸ್ಕಾರ ಮಾಡ್ತಾ ಉಂಟು!"

ಗೂಡು ತಣಿಯುವವರೆಗೆ ಯಾರಿಗೂ ಊಟ ಸೇರಲಿಲ್ಲ. ಬಾಗಿಲ ಇಟ್ಟಿಗೆ ತೆಗೆದಾಗ ಮೊದಲು ಕೇಳಿಸಿದ್ದು ಸದ್ದು. ಹೊರಗಿನ ಗಾಳಿ ತಾಗಿದ ಮೆರುಗು ಟಿಣ್ ಟಿಣ್ ಎನ್ನುತ್ತಿತ್ತು. ಭರಣಿಗಳು ನೆಟ್ಟಗೆ, ಸಾಲಾಗಿ, ಜೇನು ಬಣ್ಣದಲ್ಲಿ ನಿಂತಿದ್ದವು. ಯಾರೋ ಜೋರಾಗಿ ಸಿಳ್ಳೆ ಹಾಕಿದರು. ತಿರುಗಿ ನೋಡಿದರೆ ಸಿಳ್ಳೆ ಹಾಕಿದವನು ನಮ್ಮ ಕಾವಲುಗಾರ.

ಈಗ ಈ ಭರಣಿಗಳಲ್ಲಿ ಮಿಡಿ ಹಾಕಲು ಪದ್ದಮ್ಮನವರನ್ನು ಒಪ್ಪಿಸಬೇಕಿತ್ತು. ಜಾವಳಿಗೆ ದೊಡ್ಡ ಭರಣಿ ಹೊತ್ತುಕೊಂಡೇ ಹೋದೆ. "ಇದು ಸೋರಲ್ಲ" ಎಂದು ಮುಂದಿಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿದರು, ಒಳಗೆ ಕೈ ಹಾಕಿ ಸವರಿದರು.

"ಹೋದ ಸಲವೂ ಹೀಂಗೇ ಹೇಳಿದ್ರಿ."

"ಹೋದ ಸಲ ಉರಿ ಸಾಲಿರಲಿಲ್ಲ ಪದ್ದಮ್ಮ. ಈ ಸಲ ಇದು ಕಲ್ಲು."

"ಈ ವರ್ಷ ಮಿಡಿ ಬಿಟ್ಟಿದ್ದೇ ಕಮ್ಮಿ. ಹಾಳಾದ್ರೆ ನನ್ನ ಹೆಸರು ಹೋಗ್ತದೆ."

"ಹಾಳಾದ್ರೆ ನಮ್ಮ ಶೆಡ್ಡೇ ಹೋಗ್ತದೆ" ಎಂದು ಇದ್ದ ವಿಷಯ ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ನನ್ನ ಕೈ ತಮ್ಮ ಕೈಗೆ ತೆಗೆದುಕೊಂಡು ತಿರುಗಿಸಿದರು. ಮಣ್ಣಿನ ಕೆಲಸದಲ್ಲಿ ಬಿರುಕು ಬಿಟ್ಟ ಅಂಗೈ. "ಇಟ್ಟು ಹೋಗಿ" ಅಂದರು. ಅರ್ಧದಷ್ಟು ಮಿಡಿ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಇನ್ನಷ್ಟು ಭರಣಿ ತರಿಸಿಕೊಂಡು, ತಮ್ಮ ಇಡೀ ವರ್ಷದ ಮಿಡಿಯನ್ನು ನಮ್ಮ ಭರಣಿಗಳಿಗೇ ತುಂಬಿ, ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಬಾಯಿಗೆ ಬಟ್ಟೆ ಕಟ್ಟಿದರು.

ಆ ವರ್ಷ ಮಳೆ ಬಿಡದೆ ಹೊಡೆಯಿತು. ಪ್ರತಿ ವಾರ ಜಾವಳಿಗೆ ಹೋಗಿ ನೋಡಬೇಕು ಅನ್ನಿಸುತ್ತಿತ್ತು, ಹೋಗಲಿಲ್ಲ. ಪದ್ದಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: "ನೀವು ಬಂದು ಬಂದು ಮುಟ್ಟಿದ್ರೆ ಮಿಡಿ ಕೆಡ್ತದೆ."

ನವರಾತ್ರಿ ಹೊತ್ತಿಗೆ ಮಳೆ ಬಿಟ್ಟು ಹೊಳವಾಯಿತು. ರಂಗನಾಥಯ್ಯನವರು ಮಾತಿಗೆ ತಪ್ಪದೆ ಬಂದರು. ಅವರನ್ನು ಜಾವಳಿಗೇ ಕರೆದುಕೊಂಡು ಹೋದೆವು. ಗಿರಿಜಾ, ಹಸನಬ್ಬ, ಜೀಪಿನಲ್ಲಿ ಹಿಡಿಸಿದಷ್ಟು ಹುಡುಗಿಯರು. ಪದ್ದಮ್ಮ ಯಾರ ಕಡೆಗೂ ನೋಡದೆ ಒಂದು ಭರಣಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಕೆಳಗಿನ ಪತ್ರಿಕೆಯನ್ನು ರಂಗನಾಥಯ್ಯನವರು ಬಗ್ಗಿ ತೆಗೆದುಕೊಂಡರು. ಬೆರಳಿನಿಂದ ಒತ್ತಿದರು, ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಕನ್ನಡಕ ಏರಿಸಿ, ಅದರಲ್ಲಿದ್ದ ಸಿನಿಮಾ ಜಾಹೀರಾತನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಒಂದು ಅಕ್ಷರವೂ ಮಸುಕಾಗಿರಲಿಲ್ಲ.

ಪದ್ದಮ್ಮ ಬಟ್ಟೆ ಬಿಚ್ಚಿದರು. ಉಪ್ಪುನೀರು ಹಾಕಿದಷ್ಟೇ ಇತ್ತು. ಒಂದು ಮಿಡಿ ತೆಗೆದು ಅಧಿಕಾರಿಗಳ ಕೈಗೆ ಕೊಟ್ಟರು. ಕಚ್ಚಿದಾಗ 'ಕಟುಂ' ಎಂದ ಸದ್ದು ಬಾಗಿಲಲ್ಲಿದ್ದ ನಮಗೂ ಕೇಳಿಸಿತು.

"ಆಶ್‌ಟ್ರೇ ಬೇಡಮ್ಮ" ಅಂದರು ರಂಗನಾಥಯ್ಯ, ಬಾಯಿ ತುಂಬ ಮಿಡಿ ಇಟ್ಟುಕೊಂಡು. "ಮೊದಲು ನಮ್ಮ ಮನೆಗೆ ಎರಡು ಭರಣಿ."

ಹುಡುಗಿಯರು ಕಿರುಚಿದ್ದಕ್ಕೆ ಪದ್ದಮ್ಮನ ಹಟ್ಟಿಯ ದನಗಳು ಹಗ್ಗ ಎಳೆದವು. ಗಿರಿಜಾ ಮಾತ್ರ ಭರಣಿಯ ಬುಡದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಆಮೇಲಿನ ವರ್ಷಗಳು ಓಡಿದವು. ಪದ್ದಮ್ಮನ ಒಂದು ಮಾತಿಗೆ ಮೂಡಿಗೆರೆಯಿಂದ ಕಳಸದವರೆಗೆ ಹೆಂಗಸರು ನಮ್ಮ ಭರಣಿ ಕೇಳಿಕೊಂಡು ಬಂದರು. ಮಿಡಿ ಕಾಲಕ್ಕೆ ಮುಂಚೆ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಿತ್ತು. ಎಂಬತ್ತರ ದಶಕದಲ್ಲಿ ತಿಗರಿಗೆ ಕರೆಂಟು ಮೋಟಾರು ಬಂತು. ಕರೆಂಟು ಹೋದಾಗ ತಿರುಗಿಸಲು ಹಳೆಯದನ್ನೂ ಇಟ್ಟುಕೊಳ್ಳಿ ಎಂದು ಹಟ ಹಿಡಿದೆ. ಮಲೆನಾಡಿನ ಮಳೆಗಾಲ ಬಲ್ಲವರಿಗೆ ಅದರ ಕಾರಣ ಹೇಳಬೇಕಿಲ್ಲ. ಅಗ್ಗದ ಪ್ಲಾಸ್ಟಿಕ್ ಡಬ್ಬ ಬಂದಾಗ ಒಂದೆರಡು ವರ್ಷ ಸಾಲು ಕರಗಿತು. ಡಬ್ಬದ ಮಿಡಿಗೆ ವಾಸನೆ ಹಿಡಿದಾಗ ಅದೇ ಜನ ಮತ್ತೆ ಬಂದರು. ಗಿರಿಜಾ ಮದುವೆಯಾದಳು, ಮದುವೆಗೆ ಅವಳ ಅಪ್ಪ ಒಂದು ಹೊಸ ತಿಗರಿಯನ್ನೇ ಮಾಡಿಸಿ ಕೊಟ್ಟರು. ಅವಳು ನಮ್ಮ ಕೇಂದ್ರದಲ್ಲಿಯೇ ಶಿಕ್ಷಕಿಯಾಗಿ ಸೇರಿದಳು. ದೊಡ್ಡ ಭರಣಿ ಎತ್ತುವುದರಲ್ಲಿ ಅವಳು ನನ್ನನ್ನು ಮೀರಿದ್ದಳು. ಹೊಸಬರಿಗೆ ಅದನ್ನು ಕಲಿಸುವಾಗ ನಾನೂ ಹಿಂದಿನ ಸಾಲಿನಲ್ಲಿ ನಿಂತು ನೋಡುತ್ತಿದ್ದೆ.

ಒಂದು ದಿನದ ಕಥೆ ಹೇಳಿ ಮುಗಿಸುತ್ತೇನೆ. ಅತ್ತಿಗುಂಡಿಯ ಕಡೆಯ ಒಂದು ಎಸ್ಟೇಟಿನವರು ಲೈನಿನ ಮನೆಮನೆಗೂ ಕುಡಿಯುವ ನೀರಿನ ಭರಣಿ ಬೇಕೆಂದು ಆರ್ಡರ್ ಕೊಟ್ಟಿದ್ದರು. ನಮಗೆ ಸಿಕ್ಕ ಅತಿ ದೊಡ್ಡ ಕೆಲಸ. ಹುಲ್ಲಿನಲ್ಲಿ ಸುತ್ತಿ ಟ್ರೈಲರಿಗೆ ತುಂಬಿದೆವು. ಹಸನಬ್ಬರ ಜೀಪು, ನಾನು, ಗಿರಿಜಾ. ಎಸ್ಟೇಟು ಇನ್ನೇನು ಬಂತು ಎನ್ನುವಾಗ ಒಂದು ತಿರುವಿನಲ್ಲಿ ಅಕಾಲ ಮಳೆಯ ಕೆಸರಿಗೆ ಸಿಕ್ಕಿ ಟ್ರೈಲರಿನ ಕೊಂಡಿ ಕಳಚಿತು. ನಮ್ಮ ಕಣ್ಣೆದುರೇ ಅದು ಹಿಂದಕ್ಕೆ ಜಾರಿ, ಮಗುಚಿ, ಭರಣಿಗಳೆಲ್ಲ ಕಾಫಿ ತೋಟದ ಇಳಿಜಾರಿನಲ್ಲಿ ದಡದಡನೆ ಉರುಳಿಹೋದವು.

ಯಾರಿಗೂ ಏಟಾಗಿರಲಿಲ್ಲ. ನಾನು ರಸ್ತೆಯ ಅಂಚಿಗೆ ಓಡಿ ಕೆಳಗೆ ಇಣುಕಿದೆ. ಹಸನಬ್ಬ ತಲೆಯ ಮೇಲೆ ಕೈ ಹೊತ್ತಿದ್ದರು.

ಕೆಳಗೆ ಅದೇ ಎಸ್ಟೇಟಿನ ಕಾಫಿ ಕೊಯ್ಯುತ್ತಿದ್ದ ಹೆಂಗಸೊಬ್ಬಳ ದನಿ ಕೇಳಿತು: "ಅಮ್ಮೋರೇ, ಇಲ್ಲೊಂದು ಗಿಡಕ್ಕೆ ಸಿಕ್ಕೊಂಡಿದೆ! ಒಡೆದಿಲ್ಲ!"

ಇನ್ನೊಂದು ಕಡೆಯಿಂದ: "ಇಲ್ಲೂ ಉಂಟು!"

ಗಿರಿಜಾ ಸೀರೆ ಎತ್ತಿಕಟ್ಟಿ ಇಳಿದಳು. ತರಗೆಲೆಯ ಮೆತ್ತೆಯ ಮೇಲೆ, ಕಾಫಿ ಬುಡಗಳ ನಡುವೆ ಭರಣಿಗಳು ಅಲ್ಲಲ್ಲಿ ಮಲಗಿದ್ದವು. ಕೊಯ್ಲಿನ ಹೆಂಗಸರು ಹಣ್ಣಿನ ಚೀಲ ಇಳಿಸಿ ಹುಡುಕತೊಡಗಿದರು. ಮೇಸ್ತ್ರಿ ಬೈಯಲು ಬಂದವನು ತಾನೂ ಎರಡು ಹೊತ್ತು ತಂದ. ಕೆಲವು ಮುಚ್ಚಳ ಒಡೆದಿದ್ದವು, ಒಂದರ ಕಿವಿ ಹಾರಿತ್ತು. ಉಳಿದದ್ದೆಲ್ಲ ಇಡಿಯಾಗಿತ್ತು.

"ಟ್ರೈಲರಿನ ಆಕ್ಸಲ್ ಮುರೀತು" ಎಂದರು ಹಸನಬ್ಬ, ಭರಣಿಗಳ ಕಡೆ ನೋಡುತ್ತ. "ಇದಕ್ಕೆ ಎಂತದೂ ಆಗ್ಲಿಲ್ಲ ಮಾರಾಯ್ರೆ!"

ಇನ್ನು ಮೇಲಕ್ಕೆ ಒಯ್ಯುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಒಬ್ಬ ಹೆಂಗಸು ಸಿಂಬೆ ಸುತ್ತಿ ತಲೆಗೆ ಭರಣಿ ಏರಿಸಿದಳು. "ನಮ್ಮ ಮನೆಗೇ ಅಲ್ವಾ ಬರೋದು? ನಾವೇ ಹೊತ್ಕೊಂಡು ಹೋಗ್ತೀವಿ" ಅಂದಳು. ಒಬ್ಬಳ ಹಿಂದೆ ಒಬ್ಬಳು ಸಾಲು ಕಟ್ಟಿದರು. ಬೆಟ್ಟದ ತಿರುವುಗಳಲ್ಲಿ ಜೇನು ಬಣ್ಣದ ಭರಣಿಗಳು ಬಿಸಿಲಿಗೆ ಹೊಳೆಯುತ್ತ ಹೆಂಗಸರ ತಲೆಯ ಮೇಲೆ ಏರಿ ಹೋಗುತ್ತಿದ್ದವು. ಎಲ್ಲರಿಗಿಂತ ಮುಂದೆ, ಎಲ್ಲಕ್ಕಿಂತ ದೊಡ್ಡ ಭರಣಿ ಹೊತ್ತು ಗಿರಿಜಾ. ಎಲ್ಲರಿಗಿಂತ ಹಿಂದೆ, ಒಡೆದ ಮುಚ್ಚಳಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಏದುಸಿರು ಬಿಡುತ್ತ ನಗುತ್ತ ನಾನು.